ಒಬ್ಬರೇ ಕೂರುವ ಕುರ್ಚಿ

ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಡ್ ರಿವರ್ ಗ್ಲೆನ್ ಸ್ಕೀ ತಾಣದಲ್ಲಿ ಬೆಟ್ಟದ ನೆತ್ತಿಗೆ ಏರುವ ಲಿಫ್ಟ್‌ನ ಪ್ರತಿ ಕುರ್ಚಿಯಲ್ಲೂ ಒಬ್ಬರಿಗಷ್ಟೇ ಜಾಗ. 1948ರಲ್ಲಿ ಕಟ್ಟಿದ ಈ ‘ಸಿಂಗಲ್ ಚೇರ್’ ಸ್ಕೀಯರ್‌ಗಳನ್ನು ಸುಮಾರು 2,000 ಅಡಿ ಮೇಲಕ್ಕೆ ಒಯ್ಯುತ್ತದೆ. ಅಮೆರಿಕದಲ್ಲಿ ಇಂಥದ್ದು ಇನ್ನೊಂದೇ ಉಳಿದಿದೆ, ಅಲಾಸ್ಕದ ಕಾರ್ಡೋವಾದಲ್ಲಿ.

ಚೇರ್‌ಲಿಫ್ಟ್‌ನ ರಚನೆ ಸರಳ. ಬೆಟ್ಟದ ಬುಡದಲ್ಲೊಂದು, ತುದಿಯಲ್ಲೊಂದು ದೊಡ್ಡ ಗಾಲಿ. ಎರಡನ್ನೂ ಬಳಸಿ ಸುತ್ತುವ ಉಕ್ಕಿನ ಹಗ್ಗ. ಹಗ್ಗವನ್ನು ಎತ್ತಿ ಹಿಡಿಯುವ ಕಂಬಗಳು. ಅದಕ್ಕೆ ಕಚ್ಚಿಕೊಂಡು ತೂಗುವ ಕುರ್ಚಿಗಳು. ಹಡಗಿಗೆ ಬಾಳೆಗೊನೆ ತುಂಬುವ ಯಂತ್ರವನ್ನು ಕಂಡಿದ್ದ ಎಂಜಿನಿಯರ್ ಜೇಮ್ಸ್ ಕರನ್ ಅದೇ ತತ್ತ್ವದ ಮೇಲೆ ರೂಪಿಸಿದ ಮೊದಲ ಚೇರ್‌ಲಿಫ್ಟ್ 1936ರಲ್ಲಿ ಐಡಹೊದ ಸನ್ ವ್ಯಾಲಿಯಲ್ಲಿ ಓಡಿತು.

ಇಂಥ ಲಿಫ್ಟ್ ಹಳತಾದಾಗ ಕಿತ್ತು, ಹೆಚ್ಚು ಜನರನ್ನು ಹೊರುವ ಹೊಸದನ್ನು ನಿಲ್ಲಿಸುವುದೇ ರೂಢಿ. ವರ್ಮಾಂಟ್‌ನದೇ ಆದ ಸ್ಟೋವ್‌ನಲ್ಲಿ 1940ರ ಒಂಟಿ ಕುರ್ಚಿಯ ಲಿಫ್ಟ್ 1986ರಲ್ಲಿ ನಾಲ್ಕು ಜನ ಕೂರುವ ಲಿಫ್ಟ್‌ಗೆ ಎಡೆ ಬಿಟ್ಟಿತು. ಮ್ಯಾಡ್ ರಿವರ್ ಗ್ಲೆನ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿನ ದಾರಿಗಳು ಕಿರಿದು, ಕಡಿದು, ಮರಗಳ ನಡುವೆ ತಿರುಗುವಂಥವು; ಹಿಮವೂ ಬಹುಪಾಲು ಆಕಾಶ ಕೊಟ್ಟದ್ದೇ. ಮೇಲೇರುವವರು ಹೆಚ್ಚಿದಷ್ಟೂ ಹಿಮ ಬೇಗ ಸವೆಯುತ್ತದೆ, ದಾರಿ ಇಕ್ಕಟ್ಟಾಗುತ್ತದೆ. ಒಬ್ಬೊಬ್ಬರನ್ನೇ ಒಯ್ಯುವ ಲಿಫ್ಟ್ ಬೆಟ್ಟ ತಾಳುವಷ್ಟೇ ಜನರನ್ನು ಮೇಲೆ ಬಿಡುತ್ತದೆ. ರಜೆಯ ದಿನಗಳಲ್ಲಿ ಕೆಳಗೆ ಸಾಲು ಬೆಳೆಯುವುದು ನಿಜ. ಆದರೆ ಆ ಕಾಯುವಿಕೆಯೇ ಇಳಿಯುವಾಗ ತೆರವಾದ ದಾರಿಯಾಗಿ ಮರಳಿ ಸಿಗುತ್ತದೆ.

1995ರಿಂದ ಈ ತಾಣ ಸ್ಕೀಯರ್‌ಗಳದೇ ಸಹಕಾರ ಸಂಘದ ಒಡೆತನದಲ್ಲಿದೆ. ಲಿಫ್ಟ್ ಸುಮಾರು ಆರು ದಶಕ ಸವೆದಾಗ ಇಬ್ಬರು ಕೂರುವ ಲಿಫ್ಟ್‌ನ ಪ್ರಸ್ತಾಪವೂ ಸಂಘದ ಮುಂದಿತ್ತು. ಸದಸ್ಯರು ಒಂಟಿ ಕುರ್ಚಿಯನ್ನೇ ಆರಿಸಿದರು. ವರ್ಮಾಂಟ್‌ನ ಪರಂಪರೆ ಸಂರಕ್ಷಣಾ ಟ್ರಸ್ಟ್‌ನ ನೆರವಿನಿಂದ ದೇಣಿಗೆ ಕೂಡಿಸಲಾಯಿತು. 2007ರ ಬೇಸಿಗೆಯಲ್ಲಿ ಹಳೆಯ ಕಂಬಗಳನ್ನು ಕಳಚಿ, ತುಕ್ಕು ತೆಗೆದು, ಬಣ್ಣ ಬಳಿದು ಮತ್ತೆ ನಿಲ್ಲಿಸಿದರು. ಹಗ್ಗವೂ ಓಡಿಸುವ ಯಂತ್ರವೂ ಹೊಸದಾದವು.

ಜೀವ ನಂಬಿ ಕೂರುವ ಯಂತ್ರದಲ್ಲಿ ಸವೆದ ಭಾಗಗಳನ್ನು ಭಕ್ತಿಯಿಂದ ಕಾಪಿಡುವುದು ಸಲ್ಲದು. ಉಳಿಯಬೇಕಾದದ್ದು ಲಿಫ್ಟ್‌ನ ಜಾಡು, ಕಂಬಗಳ ಸಾಲು, ಒಂದು ಕುರ್ಚಿಗೆ ಒಬ್ಬರು ಎಂಬ ಅಳತೆ. ಅವು ಮೂರೂ ಉಳಿದವು. 2012ರಲ್ಲಿ ಮ್ಯಾಡ್ ರಿವರ್ ಗ್ಲೆನ್ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.