ಸೊಟ್ಟ ರೊಟ್ಟಿಯ ಸೊಗಸು

ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಓಣಿಗಳಲ್ಲಿ ಬೆಳಗಿನ ಹೊತ್ತು ನಡೆದರೆ, ರೊಟ್ಟಿ ಬಡಿಯುವವರು ಯಾರೆಂದು ಇಣುಕಿ ನೋಡಬೇಕಿಲ್ಲ, ಕಿವಿ ಕೊಟ್ಟರೆ ಸಾಕು. ಪಳಗಿದ ಕೈಯ ಸಪ್ಪಳಕ್ಕೆ ಒಂದೇ ನಡೆ, ನಡುವೆ ಬಳೆಗಳ ಕಿಣಿಕಿಣಿ. ಆ ನಡೆ ಒಮ್ಮೆ ಓಡಿ, ಒಮ್ಮೆ ಮುಗ್ಗರಿಸಿ, ಪೂರ್ತಿ ನಿಂತು, ಮತ್ತೆ ಅಂಜುತ್ತಂಜುತ್ತ ಸುರುವಾದರೆ ಹನ್ನೆರಡು ಹದಿಮೂರರ ಪೋರಿಯೊಬ್ಬಳು ಒಲೆಯ ಮುಂದೆ ಕೂತಿದ್ದಾಳೆ ಎಂದೇ ಲೆಕ್ಕ. ನನಗೆ ಈ ಎರಡನೆಯ ಸಪ್ಪಳವೇ ಹೆಚ್ಚು ಇಷ್ಟ.

ಆ ಜಾಗ ಯಾರಿಗೂ ಒಂದೇ ದಿನಕ್ಕೆ ಸಿಗುವುದಿಲ್ಲ. ಮೊದಲು ಒಲೆಗೆ ಕಟ್ಟಿಗೆ ನೂಕುವ ಕೆಲಸ. ಆಮೇಲೆ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುವುದು, ತಿರುವಿ ಹಾಕುವುದು. ನಾದುವುದು ಅದಾದ ಮೇಲೆ. ಎಸರಿನ ಹದವಂತೂ ಬಹಳ ಕಾಲ ಹಿರಿಯರ ಕೈಯಲ್ಲೇ ಉಳಿಯುತ್ತದೆ. ಗೋದಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ಬಿದ್ದು ಹಿಟ್ಟಿನ ಪಿಷ್ಟ ಅರೆಬೆಂದರೇ ಅದಕ್ಕೆ ಜಿಗಿ. ಎಸರು ಸಾಲದಿದ್ದರೆ ರೊಟ್ಟಿ ಅಂಚಿನಿಂದ ಬಿರಿಯುತ್ತದೆ, ಹೆಚ್ಚಾದರೆ ಕೈಗೆ ಮೆತ್ತುತ್ತದೆ. ಹಿಟ್ಟೇ ಹಳತಾಗಿದ್ದರೆ ಎಂಥ ಎಸರೂ ಉಳಿಸಲಾರದು. ಎರೆಹೊಲದ ಹಿಂಗಾರಿ ಜೋಳ, ಅದರಲ್ಲೂ ಮಾಲದಂಡಿ (ಕೃಷಿ ವಿಜ್ಞಾನಿಗಳ ಬಾಯಲ್ಲಿ ಎಂ 35-1), ಹೊಸದಾಗಿ ಬೀಸಿದ್ದಾದರೆ ಕಲಿಯುವ ಕೈಗೆ ಅರ್ಧ ಕೆಲಸ ಹಗುರ.

ಬಡಿಯುವುದರ ಚೆಲುವೆಲ್ಲ ಇರುವುದು ರೊಟ್ಟಿ ತಿರುಗುವುದರಲ್ಲಿ. ಹುಡುಗಿ ಅಂಗೈಯಗಲದ ಹಿಟ್ಟನ್ನು ತಟ್ಟುತ್ತಾಳೆ. ಅಂಚು ದಪ್ಪ, ನಡು ತೆಳ್ಳಗೆ. ಬೆರಳಲ್ಲಿ ಹಿಡಿದು ಸರಿಸಲು ಹೋಗುತ್ತಾಳೆ. “ಹಿಡದು ತಿರಗಸಬ್ಯಾಡವಾ, ಬಡದ್ರ ತಾನ ತಿರಗತೈತಿ” ಅನ್ನುತ್ತಾಳೆ ಆಯಿ, ಅಂದರೆ ಅಜ್ಜಿ. ಬಾಯಿಮಾತಿನ ಪಾಠ ಅಷ್ಟೇ. ಪೆಟ್ಟು ತುಸು ಓರೆಯಾಗಿ ಬಿದ್ದರೆ, ಅಡಿಗೆ ಉದುರಿಸಿದ ಒಣಹಿಟ್ಟಿನ ಮೇಲೆ ರೊಟ್ಟಿ ಕುಂಬಾರನ ತಿಗರಿಯ ಹಾಗೆ ತಾನೇ ಸುತ್ತುತ್ತ, ಸುತ್ತುತ್ತಲೇ ಅಗಲವಾಗುತ್ತ ಹೋಗುತ್ತದೆ. ಎಷ್ಟು ಓರೆ, ಎಷ್ಟು ಬಿರುಸು ಎಂದು ಹೇಳಿಕೊಡುವ ಆಯಿ ಇನ್ನೂ ಹುಟ್ಟಿಲ್ಲ. ಯಾವುದೋ ಒಂದು ಬೆಳಿಗ್ಗೆ ಅಂಗೈಗೆ ಅದು ತಿಳಿದುಬಿಡುತ್ತದೆ; ಪಕ್ಕದ ಮನೆಯವರಿಗೂ ಆಗಲೇ ತಿಳಿಯುತ್ತದೆ.

ಇನ್ನು ಎತ್ತುವ ಗಳಿಗೆ. ಎರಡೂ ಕೈಯಲ್ಲಿ ಹರಿಯದಂತೆ ಎತ್ತಿ, ಹಿಟ್ಟು ಹತ್ತಿದ ಮಗ್ಗುಲು ಮೇಲಾಗುವಂತೆ ಹಂಚಿಗೆ ಹಾಕಬೇಕು. ಸವರಿದ ನೀರು ಆರುತ್ತಿದ್ದಂತೆ ತಿರುವಬೇಕು. ತಡವಾದರೆ ಬಿರುಕು ಬೀಳುತ್ತದೆ, ಬಿರುಕಿನಲ್ಲಿ ಹಬೆ ಸೋರಿದರೆ ರೊಟ್ಟಿ ಉಬ್ಬದು. ಎಲ್ಲ ಕೂಡಿಬಂದಾಗ ಪದರ ಎರಡಾಗಿ, ಬೆಂದ ಜೋಳದ ಸಿಹಿಗಂಪು ಎದ್ದು, ರೊಟ್ಟಿ ಬುಗ್ಗೆಯಾಗಿ ನಿಲ್ಲುತ್ತದೆ. ಮೊದಲ ಸಲ ತನ್ನ ರೊಟ್ಟಿ ಉಬ್ಬಿದ್ದು ಕಂಡ ಕೂಸು ಮನೆಯವರನ್ನೆಲ್ಲ ಕೂಗಿ ಕರೆಯುತ್ತದೆ. ಅವರು ಬರುವಷ್ಟರಲ್ಲಿ ಅದು ಕುಸಿದಿರುತ್ತದೆ. ನೋಡಿದೆವೆಂದು ಎಲ್ಲರೂ ಸುಳ್ಳು ಹೇಳುತ್ತಾರೆ, ಹೇಳಲೇಬೇಕು.

ಈ ಕಲಿಕೆಯ ಪರೀಕ್ಷೆ ಶ್ರಾವಣದಲ್ಲಿ. ನಾಗಪ್ಪನಿಗೆ ಹಾಲೆರೆಯುವ ಮೊದಲು ಬರುವ ರೊಟ್ಟಿ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಟಕ ರೊಟ್ಟಿ ಪೇರಿ ಪೇರಿಯಾಗಿ ಏಳುತ್ತವೆ. ಅವುಗಳ ಮೇಲೆ ಮಡಕಿಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇಟ್ಟು ಮಕ್ಕಳು ಮನೆಮನೆಗೆ ಒಯ್ಯುತ್ತಾರೆ, ಆ ಮನೆಯದನ್ನು ಇಸಿದುಕೊಂಡು ಬರುತ್ತಾರೆ. ಮಗಳ ಸೊಟ್ಟ ರೊಟ್ಟಿಯನ್ನು ಪೇರಿಯ ಅಡಿಗೆ ಮುಚ್ಚುವ ತಾಯಂದಿರುಂಟು, ಎಲ್ಲಕ್ಕಿಂತ ಮೇಲೇ ಇಟ್ಟು ಕಳಿಸುವವರೂ ಉಂಟು. ನನ್ನ ಓಟು ಎರಡನೆಯವರಿಗೆ. “ಇದು ನಿಮ್ಮ ಸಣ್ಣಾಕಿ ಬಡದದ್ದೇನ?” ಎಂದು ಎದುರುಮನೆಯಾಕೆ ಕೇಳಿದಾಗ ಆ ಹುಡುಗಿಯ ಮುಖ ನೋಡಬೇಕು.

ಹುಡುಗರ ಮಾತು ಬೇರೆ. ಮಠದ ದಾಸೋಹಗಳಲ್ಲಿ ಬುಟ್ಟಿ ಹೊತ್ತು ಬಡಿಸಲು ಅವರು ಮುಂದು. ಬಡಿಯಲು ಕೂರುವವರು ಕಡಿಮೆ, ಕೂರಿಸುವವರು ಇನ್ನೂ ಕಡಿಮೆ. ಬೆಂಗಳೂರಿನ ರೂಮು ಸೇರಿದ ಮೇಲೆ ಅವ್ವನಿಗೆ ಫೋನು ಹಚ್ಚಿ ಎಸರಿನ ಅಳತೆ ಕೇಳುತ್ತಾರೆ. ಬಡಿಯಲು ಬಾರದವರಿಗೆ ಈಗ ಪ್ಯಾಕೆಟ್ಟಿನ ಕಟಕ ರೊಟ್ಟಿ ಎಲ್ಲೆಡೆ ಸಿಗುತ್ತದೆ. ಅವು ಒಂದೇ ಅಳತೆಯವು, ಒಂದೇ ದುಂಡಿನವು. ತಿನ್ನಲಡ್ಡಿಯಿಲ್ಲ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಬರುವ ರೊಟ್ಟಿಯ ರಾಶಿ ಹಾಗಲ್ಲ. ಓಣಿ ಓಣಿಯ ಕೈಗಳು ಅದರಲ್ಲಿ ಬೆರೆತಿರುತ್ತವೆ. ಆಯಿ ಬಡಿದದ್ದು ಕಾಗದದಷ್ಟು ತೆಳು, ಪಲ್ಯ ಎತ್ತುವಷ್ಟರಲ್ಲಿ ಪುಡಿಯಾಗಿ ತಾಟಿಗೆ ಬೀಳುತ್ತದೆ. ಹೊಸದಾಗಿ ಕಲಿತವಳ ರೊಟ್ಟಿಯ ದಪ್ಪ ಅಂಚು ಮಾತ್ರ ಎಣ್ಣೆಗಾಯಿಯ ಗೊಜ್ಜನ್ನೂ ಹಿಂಡಿಯನ್ನೂ ಗಟ್ಟಿಯಾಗಿ ಹಿಡಿದು ಬಾಯಿ ಮುಟ್ಟಿಸುತ್ತದೆ. ಉಣ್ಣಲು ಬಲ್ಲವರು ಪೇರಿಯಲ್ಲಿ ಅದನ್ನೇ ಹುಡುಕಿ ಎಳೆದುಕೊಳ್ಳುತ್ತಾರೆ.