ಹಲಗಲಿಯ ಲಾವಣಿಯ ಕೊನೆಯ ಪಟ್ಟಿ

ಹಲಗಲಿ ಬೇಡರ ಲಾವಣಿಯನ್ನು ನಾನು ಹಲವು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬರುವ ಹುಡುಗರಿಗೆ ಅದು ಬೇಗ ಹಿಡಿಸುತ್ತದೆ. ಈ ಸಲ ಜಗಳೂರಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಬೇಡರ ಕೈಯಲ್ಲೂ ದಂಡಿನವರ ಬಂದೂಕೇ ಇದ್ದಿದ್ದರೆ ಊರು ಉಳೀತಿತ್ತು. ಹಾಗಾದರೆ ಇವತ್ತು ಮನೆ ಕಾಯೋದಕ್ಕೆ ಎಲ್ಲರಿಗೂ ಅಂಥ ರೈಫಲ್ ಬೇಡವೆ?" ಎಂದು ಕೇಳಿದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ನಾವು ಲಾವಣಿಯನ್ನು ಕಲಿಸುವ ಕ್ರಮವೇ ಅವನಿಂದ ಹಾಗೆ ಕೇಳಿಸಿತ್ತು.

೧೮೫೭ರಲ್ಲಿ ಕಂಪೆನಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡಲೊಲ್ಲೆವೆಂದರು. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ೧೯ ಮಂದಿಯನ್ನು ಗಲ್ಲಿಗೇರಿಸಿತು. ಇಷ್ಟು ಹೇಳಿ, 'ವೀರರಸ' ಎಂದು ಬರೆಸಿ, ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ.

ಆದರೆ ಬೇಡರು ದಂಡಿಗೆ ಸರಿಸಮವಾದ ಆಯುಧವನ್ನು ಬೇಡಿದವರಲ್ಲ. ತಮ್ಮಲ್ಲಿದ್ದುದನ್ನು ಉಳಿಸಿಕೊಳ್ಳಬೇಕೆಂದವರು. ಅದು ಅವರ ಬೇಟೆಯ ಸಾಧನ, ಮರ್ಯಾದೆಯ ಗುರುತು. ಈ ಸಂಕಟ ಚನ್ನಗಿರಿಯ ತೋಟದವರಿಗೆ ಅರ್ಥವಾದೀತು. ಹಂದಿ ಬೆದರಿಸಲು ಇಟ್ಟ ಲೈಸೆನ್ಸಿನ ಒಂಟಿ ನಳಿಗೆಯ ಕೋವಿಯನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವ ಯಜಮಾನರ ಮುಖವನ್ನು ನೋಡಿದವರು ಬಲ್ಲರು. ಆ ಕೋವಿ ಕೊಡಲಿ ಕುಡುಗೋಲುಗಳ ಬಳಗಕ್ಕೆ ಸೇರಿದ್ದು. ದಂಡಿನ ರೈಫಲು ಆ ಬಳಗದ್ದಲ್ಲ. ನಮ್ಮ ೧೯೫೯ರ ಆಯುಧ ಕಾಯಿದೆಯೂ ಈ ಭೇದವನ್ನು ಬಲ್ಲುದು: ಸಾಮಾನ್ಯ ಕೋವಿಗೆ ಲೈಸೆನ್ಸು, ತಾನೇ ತಾನಾಗಿ ಗುಂಡು ಸುರಿಸುವ ಬಂದೂಕು ನಿಷಿದ್ಧ.

ಇನ್ನು ಮನೆ ಕಾಯುವ ಮಾತು. ಲಾವಣಿಕಾರ ಕೊನೆಗೆ ಏನನ್ನು ಎಣಿಸುತ್ತಾನೆಂದು ನೋಡಬೇಕು. ದಂಡಿನವರು ದೋಚಿದ್ದರಲ್ಲಿ ಬೆಣ್ಣೆಯಿದೆ, ಜೀರಿಗೆಯಿದೆ, ಬೀಸುವ ಕಲ್ಲಿದೆ, ಹೆಂಗಸರ ಮಾಂಗಲ್ಯವಿದೆ. ಕಾಳಗದ ಅಬ್ಬರವೆಲ್ಲ ಮುಗಿದ ಮೇಲೆ ಕವಿ ಅಡುಗೆಮನೆಗೆ ಬಂದು ನಿಲ್ಲುತ್ತಾನೆ. ನನಗೆ ತೋರುವ ಮಟ್ಟಿಗೆ ಇಡೀ ಲಾವಣಿಯ ತೂಕ ಈ ಪಟ್ಟಿಯಲ್ಲಿದೆ. ಧೈರ್ಯವಿತ್ತು, ಹತಾರವಿತ್ತು, ಮನೆ ಮಾತ್ರ ಉಳಿಯಲಿಲ್ಲ. ಅವರಲ್ಲಿ ನೂರು ಬಂದೂಕು ಹೆಚ್ಚಿದ್ದರೆ ಕಂಪೆನಿ ಇನ್ನೊಂದು ಪಲ್ಟನ್ನು ಕಳಿಸುತ್ತಿತ್ತು. ಕಳ್ಳನೊಬ್ಬನನ್ನು ತಡೆಯಲೂ ಅಂಥ ಆಯುಧ ತಕ್ಕದ್ದಲ್ಲ. ಅದರ ಗುಂಡು ಗೋಡೆಯನ್ನು ತೂರಿ ಆಚೆ ಮಲಗಿದ ಮಗುವಿಗೂ ತಾಗಬಲ್ಲುದು.

ನ್ಯಾಮತಿಯ ಹುಡುಗರು ತಮ್ಮೂರಿನ ಮಾತೆತ್ತಿದರು. ೨೦೨೪ರ ಅಕ್ಟೋಬರಿನಲ್ಲಿ ಅಲ್ಲಿಯ ಬ್ಯಾಂಕಿಗೆ ಕಿಟಕಿಯಿಂದ ನುಗ್ಗಿದ ಕಳ್ಳರು ೧೭ ಕಿಲೋಗೂ ಮಿಕ್ಕ ಚಿನ್ನ ಒಯ್ದರು. ಜನ ಅಡವಿಟ್ಟ ಒಡವೆ ಅದು; ಲಾವಣಿಯ ಮಾಂಗಲ್ಯದ ನೆನಪು ಬಾರದಿರದು. ಮನೆಯಲ್ಲಿ ರೈಫಲಿದ್ದರೂ ಅದು ಉಳಿಯುತ್ತಿರಲಿಲ್ಲ. ಪೊಲೀಸರು ತಿಂಗಳುಗಟ್ಟಲೆ ಬೆನ್ನುಹತ್ತಿ, ೨೦೨೫ರಲ್ಲಿ ತಮಿಳುನಾಡಿನ ಉಸಿಲಂಪಟ್ಟಿಯ ಕಡೆಯ ಬಾವಿಯೊಂದರಿಂದ ಅದನ್ನು ಎತ್ತಿಸಿದರು.

ಜಗಳೂರಿನ ಹುಡುಗ ಒಪ್ಪಲಿಲ್ಲ. "ಹಲಗಲಿ ಸುಟ್ಟವರು ಸರಕಾರದವರೇ ಅಲ್ಲವೆ ಸಾರ್?" ಎಂದ. ಹೌದು, ಅಲ್ಲಿ ಅವನ ಮಾತು ನಿಜ. ಜನರ ಆಯುಧವನ್ನು ಕೇಳುವ ಸರಕಾರ ಜನರ ಮನೆಯನ್ನು ಕಾಯಲೇಬೇಕು. ಕಾಯದಿದ್ದರೆ ಕೇಳುವ ನೈತಿಕ ಹಕ್ಕು ಅದಕ್ಕಿಲ್ಲ. ಕಂಪೆನಿ ಸರಕಾರವನ್ನು ಹಾಗೆ ಕೇಳಲು ಬೇಡರಿಗೆ ಮತವಿರಲಿಲ್ಲ. ನಮಗಿದೆ. ಆ ಪ್ರಶ್ನೆಯನ್ನು ಬಿಟ್ಟು ರೈಫಲನ್ನು ಬಯಸುವುದು ಲಾವಣಿಯನ್ನು ಅರ್ಧಕ್ಕೆ ಮುಚ್ಚಿದಂತೆ.

ಬರುವ ವರ್ಷ ಪಾಠವನ್ನು ಬೀಸುವ ಕಲ್ಲಿನಿಂದಲೇ ಆರಂಭಿಸಬೇಕೆಂದಿದ್ದೇನೆ.