ಎಡಗಡೆಗೂ ಒಂದು ಕನ್ನಡಿ ಬೇಕು

ಹಳೆಯ ಕಾರು ಇಟ್ಟುಕೊಂಡವರ ನಡುವೆ ಒಂದು ಮಾತು ವೇದವಾಕ್ಯದಂತೆ ನಡೆದುಬಂದಿದೆ: ಕಾರ್ಖಾನೆಯಿಂದ ಬಂದಾಗ ಗಾಡಿ ಹೇಗಿತ್ತೋ ಹಾಗೇ ಇರಬೇಕು, ಒಂದು ಸ್ಕ್ರೂ ಕೂಡ ಹೆಚ್ಚಾಗಬಾರದು. ಬಳ್ಳಾರಿಯಲ್ಲಿ ಅಂಬಾಸಿಡರ್‌ಗೋ ಪ್ರೀಮಿಯರ್ ಪದ್ಮಿನಿಗೋ ಎಡಗಡೆ ಸೈಡ್ ಮಿರರ್ ಹಾಕಿಸುತ್ತೇನೆ ಎಂದು ಹೇಳಿ ನೋಡಿ. 'ಯಾಕ್ರೀ ಚಂದದ ಗಾಡಿ ಕೆಡಿಸ್ತೀರಿ?' ಎನ್ನುವವರು ಕೂಡಲೇ ಸಿಗುತ್ತಾರೆ. ಅವರ ಬಳಿ ಮೂರು ವಾದಗಳಿವೆ. ಮೊದಲನೆಯದು, ಮೂಲದಲ್ಲಿ ಆ ಕನ್ನಡಿ ಇರಲಿಲ್ಲ. ಎರಡನೆಯದು, ಅದಿಲ್ಲದೆಯೇ ಹಿರಿಯರು ಒಂದು ಜೀವಮಾನವಿಡೀ ಓಡಿಸಿದರು. ಮೂರನೆಯದು, ಓವರ್‌ಟೇಕ್ ಮಾಡುವವರು ಬಲಗಡೆಯಿಂದ ಬರುವಾಗ ಎಡಗಡೆ ನೋಡುವುದಾದರೂ ಏನಿದೆ? ಈ ಮೂರೂ ನಿಲ್ಲುವ ವಾದಗಳಲ್ಲ. ರಸ್ತೆಗಿಳಿಯುವ ಪ್ರತಿಯೊಂದು ಹಳೆಯ ಕಾರಿಗೂ ಎಡಗಡೆಯ ಕನ್ನಡಿ ಬೇಕೇ ಬೇಕು. ಅದನ್ನು ಗಾಡಿಗೆ ಕುಂದು ಬಾರದ ಹಾಗೆ ಹಾಕಿಸುವ ದಾರಿಯೂ ಇದೆ.

ಹಿರಿಯರ ವಾದವನ್ನೇ ಮೊದಲು ತೆಗೆದುಕೊಳ್ಳೋಣ. ಆಗಿನ ಕಾರಿಗೆ ಎಡಗಡೆ ಕನ್ನಡಿ ಇರಲಿಲ್ಲ ನಿಜ, ಆದರೆ ಎಡಗಡೆ ಒಬ್ಬ ಮನುಷ್ಯ ಇರುತ್ತಿದ್ದ. ಸಾಹುಕಾರರ ಮನೆಯ ಕಾರಿಗೆ ಸಂಬಳದ ಡ್ರೈವರ್, ಅವನ ಪಕ್ಕದಲ್ಲಿ ಮನೆಯ ಆಳೋ ಗುಮಾಸ್ತರೋ. ಬಾಡಿಗೆ ಗಾಡಿಯಲ್ಲಿ ಕ್ಲೀನರ್ ಹುಡುಗ, ಇಲ್ಲವೇ ಮುಂದಿನ ಉದ್ದ ಸೀಟಿನಲ್ಲಿ ಒತ್ತಿಕೊಂಡು ಕೂತ ಪ್ರಯಾಣಿಕ. ಕಿಟಕಿಯಿಂದ ತಲೆ ಹೊರಗಿಟ್ಟು 'ಬರ್ಲಿ ಬರ್ಲಿ, ತಡಿ, ಸೈಕಲ್ ಐತಿ' ಎನ್ನುವುದು ಅವರ ಕೆಲಸವಾಗಿತ್ತು. ಲಾರಿಗಳಲ್ಲಿ ಇಂದಿಗೂ ಕ್ಲೀನರ್ ಬಾಗಿಲಿಗೆ ಅಂಗೈ ಬಡಿದು ಡ್ರೈವರ್‌ಗೆ ಸೂಚನೆ ಕೊಡುತ್ತಾನೆ. ಬಸ್ಸಿನಲ್ಲಿ ಕಂಡಕ್ಟರ್ 'ರೈಟ್' ಎನ್ನದೆ ಡ್ರೈವರ್ ಗಾಡಿ ಎತ್ತುವುದಿಲ್ಲ. ಇಂದು ಹಳೆಯ ಕಾರಿನ ಮಾಲೀಕ ತಾನೇ ಓಡಿಸುತ್ತಾನೆ, ಹೆಚ್ಚಿನ ಹೊತ್ತು ಒಬ್ಬನೇ. ಹಿರಿಯರು ನಂಬಿಕೊಂಡಿದ್ದ ಆ ಇನ್ನೊಂದು ಜೊತೆ ಕಣ್ಣು ಗಾಡಿಯಿಂದ ಇಳಿದು ಹೋಗಿದೆ. ಅದರ ಜಾಗ ತುಂಬದೆ ಹಿರಿಯರ ಉದಾಹರಣೆ ಕೊಡುವುದು ಸರಿಯಲ್ಲ.

ಎಡಗಡೆ ಏನಿದೆ ಎಂದು ಕೇಳುವವರು ಸುಗ್ಗಿಯಲ್ಲಿ ಒಮ್ಮೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ಬರಬೇಕು. ತೆಕ್ಕಲಕೋಟೆಯ ಮೇಲೆ ಸಾಗುವ ಆ ರಾಷ್ಟ್ರೀಯ ಹೆದ್ದಾರಿ 150ಎ ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯನ್ನು ಹಾಯುತ್ತದೆ. ಕಟಾವಿನ ಯಂತ್ರಗಳು, ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರ್ ಟ್ರೈಲರ್‌ಗಳು, ಅಕ್ಕಿ ಗಿರಣಿಯ ಲಾರಿಗಳು ಎಡಗಡೆ ನಿಧಾನವಾಗಿ ಸಾಗುತ್ತಿರುತ್ತವೆ. ಟ್ರ್ಯಾಕ್ಟರನ್ನು ಬಲಗಡೆಯಿಂದ ದಾಟುವುದು ಅರ್ಧ ಕೆಲಸ ಮಾತ್ರ. ದಾಟಿದ ಮೇಲೆ ಎಡಕ್ಕೆ ಮರಳಬೇಕಲ್ಲ, ಆಗ ಟ್ರ್ಯಾಕ್ಟರಿನ ಮೂತಿ ಎಷ್ಟು ದೂರದಲ್ಲಿದೆ ಎಂದು ಹೇಗೆ ತಿಳಿಯಬೇಕು? ಅಂಬಾಸಿಡರ್‌ನ ಒಳಗನ್ನಡಿಯಲ್ಲಿ ಕಾಣುವುದು ಸಣ್ಣ ಹಿಂಗಾಜು, ಅದಕ್ಕೂ ಅಡ್ಡವಾಗಿ ಹಿಂದೆ ಕೂತವರ ತಲೆಗಳು. ಎದುರಿನಿಂದ ಲಾರಿ ಬರುತ್ತಿರುವಾಗ ಕತ್ತು ಹೊರಳಿಸಿ ಎಡಹಿಂದಕ್ಕೆ ನೋಡು ಎನ್ನುವುದು ಬುದ್ಧಿವಂತರ ಸಲಹೆಯಲ್ಲ.

ಗಿರಣಿಯ ಗೇಟಿಗೆಂದು ಎಡಕ್ಕೆ ತಿರುಗುವಾಗ ಇನ್ನೊಂದು ಅಪಾಯ. ಗಾಡಿ ನಿಧಾನವಾದದ್ದೇ ತಡ, ಹಿಂದಿನ ಬೈಕಿನವನು ಎಡಗಡೆಯ ಸಂದಿನಲ್ಲಿ ನುಗ್ಗುತ್ತಾನೆ. ನಿಯಮ ಅವನನ್ನು ತಪ್ಪಿತಸ್ಥ ಎನ್ನಬಹುದು, ಆದರೆ ಬಂಪರಿಗೆ ಸಿಕ್ಕುವುದು ಅವನ ಮೊಣಕಾಲು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಜಾತ್ರೆಯ ಹೊತ್ತಿಗೆ ರಸ್ತೆಯ ಅಂಚು ಪೂರ್ತಿ ನಡೆದು ಹೋಗುವವರದು: ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕಾಯಿ ಬುಟ್ಟಿ ಹಿಡಿದವರು, ಅಜ್ಜಿಯರು. ಅವರೆಲ್ಲ ಇರುವುದು ಕಾರಿನ ಎಡಗಡೆಯಲ್ಲಿ. ಇದು ಎಡಗಡೆ ಓಡಿಸುವ ದೇಶ. ಇಲ್ಲಿ ನಡೆಯುವವರು, ಸೈಕಲ್ಲಿನವರು, ಕುರಿ ಹಿಂಡು, ತಳ್ಳುಗಾಡಿ ಎಲ್ಲವೂ ಇರುವ ಪಕ್ಕವನ್ನೇ 'ನೋಡುವುದೇನಿದೆ' ಎನ್ನುವ ಮಾತನ್ನು ನಾನು ಒಪ್ಪಲಾರೆ.

ಬಳ್ಳಾರಿ ನಗರದಲ್ಲಿ, ಬ್ರೂಸ್‌ಪೇಟೆಯಲ್ಲೋ ಕೌಲ್ ಬಜಾರಿನಲ್ಲೋ ಕಾರು ನಿಂತಾಗ ಆಗುವುದನ್ನು ಗಮನಿಸಿ. ಜನ ಇಳಿಯುವುದು ಎಡಬಾಗಿಲಿನಿಂದ. ಹಳೆಯ ಕಾರಿನ ಬಾಗಿಲು ಭಾರದ್ದು, ಒಮ್ಮೆ ತಳ್ಳಿದರೆ ಪೂರ್ತಿ ತೆರೆದುಕೊಳ್ಳುತ್ತದೆ. ಅಂಗಡಿ ಸಾಲಿಗೂ ಕಾರಿಗೂ ನಡುವೆ ಸೈಕಲ್ ಹಿಡಿಸುವಷ್ಟು ಜಾಗ ಉಳಿದಿರುತ್ತದೆ, ಅಲ್ಲಿ ಶಾಲೆಯ ಹುಡುಗನೊಬ್ಬ ತೂರಿಕೊಂಡು ಬರುತ್ತಿರುತ್ತಾನೆ. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಇಳಿಯುವ ಹೆಂಗಸಿಗೆ ಅವನು ಕಾಣುವುದಿಲ್ಲ. ಕಂಡು 'ತಡೀರಿ, ಇಳೀಬ್ಯಾಡ್ರಿ' ಎನ್ನಬೇಕಾದವನು ಡ್ರೈವರ್. ಅವನಿಗೆ ಎಡಗಡೆ ಕನ್ನಡಿಯೇ ಇಲ್ಲದಿದ್ದರೆ ಆ ಒಂದು ಮಾತು ಬಾಯಿಗೆ ಬರುವುದು ಹೇಗೆ?

ಇನ್ನು ಮೂಲಸ್ವರೂಪದ ವಾದ. ಗೌರವಕ್ಕೆ ಅರ್ಹವಾದದ್ದು ಇದೊಂದೇ. ಹಳೆಯದನ್ನು ಮನಬಂದಂತೆ ತಿದ್ದಿ ಹಾಳುಮಾಡಿದವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಕನ್ನಡಿ ಒಂದೇ ಇದ್ದದ್ದು ವಿನ್ಯಾಸಕಾರನ ಸೌಂದರ್ಯಪ್ರಜ್ಞೆಯಿಂದ ಎಂದು ಭಾವಿಸಬೇಕಿಲ್ಲ. ಅದು ಖರ್ಚಿನ ಲೆಕ್ಕ. ಅಂಬಾಸಿಡರ್, ಪದ್ಮಿನಿಗಳು ಹೋಗಿ ಹೊಸ ಕಾಲದ ಕಾರು ಬಂದ ಮೇಲೂ ಅಗ್ಗದ ಮಾದರಿಗಳಿಗೆ ಕಂಪನಿಗಳು ಬಲಗಡೆಗಷ್ಟೇ ಕನ್ನಡಿ ಕೊಡುತ್ತಿದ್ದವು. ಎಡಗಡೆಯದನ್ನು ಗಿರಾಕಿ ಅಂಗಡಿಯಲ್ಲಿ ಕೊಂಡು ಹಾಕಿಸಿಕೊಳ್ಳಬೇಕಿತ್ತು. ಕಾರಿನ ಕನ್ನಡಿಯ ಚರಿತ್ರೆಯೇ ಓಡಿಸುವವರು ಸೇರಿಸಿಕೊಂಡದ್ದರ ಚರಿತ್ರೆ. 1909ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್, ಹಿಂದೆ ಬರುವ ಗಾಡಿ ನೋಡಲು ಕೈಗನ್ನಡಿಯೊಂದನ್ನು ಇಟ್ಟುಕೊಳ್ಳಿ ಎಂದು ಕಾರು ಓಡಿಸುವ ಹೆಂಗಸರಿಗೆ ಬರೆದಳು. 1911ರ ಮೊದಲ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಉಳಿದವರು ಹಿಂದೆ ನೋಡಿ ಹೇಳಲು ಪಕ್ಕದಲ್ಲಿ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರೆ, ರೇ ಹ್ಯಾರೂನ್ ಅವನ ಬದಲು ಕನ್ನಡಿ ಕಟ್ಟಿಕೊಂಡು ಒಬ್ಬನೇ ಓಡಿಸಿ ಗೆದ್ದ. ಪಕ್ಕದ ಮನುಷ್ಯ ಇಳಿದಾಗ ಕನ್ನಡಿ ಹತ್ತಬೇಕು ಎಂಬುದು ಅಷ್ಟು ಹಳೆಯ ತಿಳಿವಳಿಕೆ.

ಅಂಬಾಸಿಡರ್ ಕೂಡ ಎಂದೂ ನಿಂತ ನೀರಾಗಿರಲಿಲ್ಲ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿ, 2014ರಲ್ಲಿ ಉತ್ತರಪಾರಾದಲ್ಲಿ ತಯಾರಿಕೆ ನಿಲ್ಲುವವರೆಗೆ ಗ್ರಿಲ್, ದೀಪ, ಎಂಜಿನ್, ಗೇರ್ ಎಲ್ಲವನ್ನೂ ಬದಲಿಸಿಕೊಳ್ಳುತ್ತಲೇ ಬಂದ ಗಾಡಿ ಅದು. ಇಂದಿನ ಮಾಲೀಕರೂ ರೇಡಿಯಲ್ ಟೈರು ಹಾಕಿಸುತ್ತಾರೆ, ಎಲ್‌ಇಡಿ ಬಲ್ಬು ಹಾಕಿಸುತ್ತಾರೆ, ಬಳ್ಳಾರಿಯ ಬಿಸಿಲಿಗೆ ಎಸಿ ಕೂರಿಸುತ್ತಾರೆ. ತಮ್ಮ ಸುಖಕ್ಕೆ ಅಡ್ಡಬಾರದ ಮೂಲಸ್ವರೂಪ ಇನ್ನೊಬ್ಬರ ಸುರಕ್ಷತೆಗೆ ಅಡ್ಡ ಬರುವುದು ನ್ಯಾಯವಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಸನ್ನದು ಸಹ, ಬಳಕೆಗೆ ಅಗತ್ಯವಾದ ಬದಲಾವಣೆ ಮಿತವಾಗಿರಲಿ, ಮತ್ತೆ ತೆಗೆಯುವಂತಿರಲಿ ಎನ್ನುತ್ತದೆ. ಬೇಡವೇ ಬೇಡ ಎನ್ನುವುದಿಲ್ಲ.

ಕಾನೂನಿನ ಹೆದರಿಕೆಗೂ ಆಧಾರವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡು ಎನ್ನುವುದು ಗಾಡಿಯ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಬದಲಾವಣೆಗೆ. 2021ರ ನಿಯಮ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಮಾನ್ಯತೆ ಕೊಡುವಾಗ ಕೇಳುವುದು ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರಿ ಬದಲಾವಣೆ ಆಗಿರಬಾರದು ಎಂದು. ಬಾಗಿಲಿಗೆ ಕಚ್ಚಿಸಿದ ಕನ್ನಡಿ ಇವುಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಹಾಕಿಸುವ ಕ್ರಮದಲ್ಲಿ ಮಾತ್ರ ಅವಸರ ಬೇಡ. ಟಿಂಕರಿಂಗ್ ಅಂಗಡಿಗೆ ಬಿಟ್ಟು ಬಂದರೆ ಬಾಗಿಲಿಗೆ ಎರಡು ತೂತು ಬೀಳುತ್ತವೆ, ಮಳೆನೀರು ಇಳಿದು ಕೆಲವು ವರ್ಷಗಳಲ್ಲಿ ತುಕ್ಕು ಏಳುತ್ತದೆ. ಬಾಗಿಲ ಅಂಚಿಗೆ ಸ್ಕ್ರೂ ತಿರುವಿ ಬಿಗಿಯುವ ಕ್ಲಾಂಪಿನ ಕನ್ನಡಿ ತನ್ನಿ, ಕಬ್ಬಿಣಕ್ಕೂ ಪೇಂಟಿಗೂ ನಡುವೆ ರಬ್ಬರ್ ಇಡಿಸಿ. ಬಲಗಡೆಯ ಕನ್ನಡಿಯ ಆಕಾರದ್ದೇ, ಕ್ರೋಮಿನದ್ದೇ ಆದರೆ ಜೋಡಿಯಾಗಿ ಒಪ್ಪುತ್ತದೆ. ಜಾಗ ಗುರುತು ಮಾಡುವಾಗ ಡ್ರೈವರ್ ಸೀಟಿನಲ್ಲಿ ನೀವೇ ಕೂತಿರಿ, ಇನ್ನೊಬ್ಬರು ಹೊರಗೆ ಕನ್ನಡಿ ಹಿಡಿದು ಹಿಂದೆ ಮುಂದೆ ಸರಿಸಲಿ. ಬಲಗಡೆಯ ಅಳತೆಯನ್ನೇ ಎಡಕ್ಕೂ ಹಾಕಿದರೆ ತ್ರಿಕೋನ ಗಾಜಿನ ಚೌಕಟ್ಟು ಅಡ್ಡ ಬರುತ್ತದೆ, ಇಲ್ಲವೇ ಪಕ್ಕದಲ್ಲಿ ಕೂತವರ ಎದೆ. ಆದಷ್ಟು ಮುಂದಕ್ಕೆ ತಂದರೆ ನೋಟ ಬಿಡಿಸಿಕೊಳ್ಳುತ್ತದೆ. ಜಪಾನ್ 1983ರವರೆಗೂ ಕನ್ನಡಿಯನ್ನು ಮುಂದಿನ ಮಡ್ಗಾರ್ಡ್ ಮೇಲೆಯೇ ಇಡಿಸುತ್ತಿತ್ತು. ಎಡಗಡೆಗೆ ಉಬ್ಬುಗಾಜು ಒಳ್ಳೆಯದು, ಹೆಚ್ಚು ಅಗಲ ಕಾಣುತ್ತದೆ. ಅದರಲ್ಲಿ ಗಾಡಿಗಳು ಇರುವುದಕ್ಕಿಂತ ದೂರ ಕಾಣುವುದರಿಂದ ಒಳಗನ್ನಡಿಯೊಂದಿಗೆ ತಾಳೆ ನೋಡುವ ರೂಢಿ ಮಾಡಿಕೊಳ್ಳಬೇಕು. ಪ್ರದರ್ಶನದ ದಿನ ಬೇಡವೆನಿಸಿದರೆ ಸ್ಕ್ರೂ ಸಡಿಲಿಸಿ ತೆಗೆದಿಡಿ, ಬಾಗಿಲ ಮೇಲೆ ಗುರುತೂ ಉಳಿಯುವುದಿಲ್ಲ.

ಹಳೆಯ ಗಾಡಿಗಳೆಲ್ಲ ಗುಜರಿಗೆ ಹೋಗಲಿ ಎನ್ನುವವರ ದನಿ ಈಗ ಜೋರಾಗಿದೆ, ಅವರ ದೊಡ್ಡ ಆಯುಧ ಸುರಕ್ಷತೆ. ಸಿರುಗುಪ್ಪ ರಸ್ತೆಯಲ್ಲಿ ಒಬ್ಬ ಬೈಕ್ ಸವಾರ ಅಂಬಾಸಿಡರ್‌ನ ಎಡಪಕ್ಕಕ್ಕೆ ಸಿಕ್ಕಿದರೆ ಅದರ ಮೂಲಸ್ವರೂಪವನ್ನು ಯಾರೂ ಹೊಗಳುವುದಿಲ್ಲ. ಈ ಗಾಡಿಗೆ ರಸ್ತೆ ಮೇಲೆ ಏನು ಕೆಲಸ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮಾಲೀಕರು ಈಗಲೇ ಉತ್ತರ ಕೊಟ್ಟಿಡಬೇಕು. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಲು ಆರ್‌ಟಿಒ ಕಚೇರಿಗೆ ಅಲೆಯುವಷ್ಟು ಪ್ರೀತಿ ಇರುವವರಿಗೆ ಒಂದು ಕನ್ನಡಿ ಹೊರೆಯಲ್ಲ. ಗಾಡಿಯನ್ನು ಮುಂದಿನ ಸಲ ಹೊರಗೆ ತೆಗೆಯುವ ಮುನ್ನವೇ ಹಾಕಿಸಿ.